ಹೊಂಗೆ ಚಿಗುರಿತು, ಗೋಡೆ ಹಸಿರಾಯಿತು: ಜಯನಗರದ ಒಂದು ಮನೆಯ ಬಣ್ಣದ ಪ್ರಕರಣ

"ಮಳೆಗಾಲದಲ್ಲಿ ಪಾಚಿ ಕಟ್ಟಿದ ಕಾಂಪೌಂಡು ಇರುತ್ತಲ್ಲ, ಹಾಗಿದೆ ನೋಡಮ್ಮ. ಇದಕ್ಕೆ ದುಡ್ಡು ಬೇರೆ ಕೊಟ್ಟಿದ್ದಾರೆ."

ಆ ಮನೆಯ ಹೊಸಿಲು ದಾಟಿದ ಕೂಡಲೇ ನನಗೆ ಸಿಕ್ಕ ಸ್ವಾಗತ ಇದು. ಹೇಳಿದವರು ಮನೆಯ ಹಿರಿಯರು, ಎಪ್ಪತ್ತು ದಾಟಿದ ಅತ್ತೆ. ಸೊಸೆ ಅಡುಗೆಮನೆ ಬಾಗಿಲಲ್ಲಿ ನಿಂತು ಸುಮ್ಮನೆ ನನ್ನ ಮುಖ ನೋಡುತ್ತಿದ್ದರು. ಪೇಂಟರ್ ಏಣಿಯ ಮೇಲಿನ ಮೆಟ್ಟಿಲಲ್ಲೇ ಕೂತಿದ್ದ. ಇಳಿಯಬೇಕೋ ಬೇಡವೋ ಎಂದು ಗೊತ್ತಾಗದವನ ಹಾಗೆ.

ಮಾರ್ಚ್ ಮೂರನೇ ವಾರ. ಯುಗಾದಿಗೆ ಎಂಟು ದಿನ ಬಾಕಿ. ಹಾಲ್‌ಗೆ ಮತ್ತು ಪ್ಯಾಸೇಜಿಗೆ ಒಂದು ಕೋಟ್ ಮುಗಿದಿತ್ತು. ಎರಡನೇ ಕೋಟ್ ಹೊಡೆಯಬೇಕೋ, ಎಲ್ಲ ಅಳಿಸಿ ಮೊದಲಿಂದ ಶುರು ಮಾಡಬೇಕೋ ಎಂದು ಹೇಳಲು ನನ್ನನ್ನು ಕರೆದಿದ್ದರು. ಮನೆಗಳಿಗೆ ಬಣ್ಣ ಆರಿಸಿಕೊಡುವುದು ನನ್ನ ಕೆಲಸ. ಆದರೆ ಹೆಚ್ಚಿನವರು ಕರೆಯುವುದು ಆರಿಸುವಾಗಲ್ಲ, ಕೆಟ್ಟ ಮೇಲೆ.

ಮನೆ ಮತ್ತು ಬಣ್ಣ

ಜಯನಗರದ ಹಳೆಯ ಮನೆ, 70ರ ದಶಕದಲ್ಲಿ ಕಟ್ಟಿದ್ದು. ಕೆಳಗೆ ಹಾಲ್, ಊಟದ ಜಾಗ, ಎರಡು ಕೋಣೆ. ಮೇಲೆ ಆಮೇಲೆ ಸೇರಿಸಿದ ಒಂದು ಮಹಡಿ. ಕೆಳಗೆಲ್ಲ ರೆಡ್ ಆಕ್ಸೈಡ್ ನೆಲ. ಐವತ್ತು ವರ್ಷ ಒರೆಸಿ ಒರೆಸಿ ಕನ್ನಡಿಯಾಗಿದೆ. ಮಹಡಿಯಲ್ಲಿ ಕೆನೆ ಬಣ್ಣದ ವಿಟ್ರಿಫೈಡ್ ಟೈಲ್ಸ್. ಹಾಲ್ 14 ಅಡಿಗೆ 18 ಅಡಿ, ಎತ್ತರ 10 ಅಡಿ. ಅದರ ದೊಡ್ಡ ಕಿಟಕಿ ಉತ್ತರಕ್ಕಿದೆ, ಕಿಟಕಿಯ ಆಚೆ ರಸ್ತೆಬದಿಯ ಹೊಂಗೆ ಮರ. ಈ ಮರವನ್ನು ಮರೆಯಬೇಡಿ. ನಾನು ಮೊದಲ ಅರ್ಧ ಗಂಟೆ ಅದರ ಕಡೆ ತಿರುಗಿಯೂ ನೋಡಲಿಲ್ಲ.

ಸೊಸೆ ಆರಿಸಿದ್ದು ತಿಳಿ ಬೂದುಹಸಿರು. ಹೆಸರುಕಾಳು ತೊಳೆದ ನೀರಿಗೆ ಚಿಟಿಕೆ ವಿಭೂತಿ ಬೆರೆಸಿದರೆ ಬರುವಂಥ ಬಣ್ಣ. ಶೇಡ್ ಕಾರ್ಡಿನಲ್ಲಿ ಅದು ಹಸಿರು ಎಂದೇ ಅನಿಸುವುದಿಲ್ಲ. ಪಕ್ಕದಲ್ಲಿ ಅಪ್ಪಟ ಬೂದಿ ಬಣ್ಣ ಇಟ್ಟಾಗ ಮಾತ್ರ ಹಸಿರಿನ ಛಾಯೆ ಗೊತ್ತಾಗುತ್ತದೆ. ಬಣ್ಣದವರ ಲೆಕ್ಕದಲ್ಲಿ ಇದರ ಎಲ್‌ಆರ್‌ವಿ 62. ಎಲ್‌ಆರ್‌ವಿ ಎಂದರೆ ಬಿದ್ದ ಬೆಳಕಿನಲ್ಲಿ ಗೋಡೆ ಎಷ್ಟನ್ನು ವಾಪಸ್ ಕೊಡುತ್ತದೆ ಎಂಬ ಅಳತೆ. ಅಪ್ಪಟ ಕಪ್ಪಿಗೆ 0, ಅಪ್ಪಟ ಬಿಳಿಗೆ 100. ಅರುವತ್ತರ ಆಸುಪಾಸಿನ ಬಣ್ಣ ಕಣ್ಣಿಗೆ ಹಿತ, ಕತ್ತಲೆಯೂ ಅನಿಸುವುದಿಲ್ಲ. ಆಯ್ಕೆಯಲ್ಲಿ ತಪ್ಪಿರಲಿಲ್ಲ. ಅದನ್ನು ಈಗಲೂ ಹೇಳುತ್ತೇನೆ.

ಅವರು ಗಡಿಬಿಡಿಯಲ್ಲೂ ಆರಿಸಿರಲಿಲ್ಲ. ಫೆಬ್ರವರಿಯಲ್ಲಿ ಹಾಲ್ ಗೋಡೆಯ ಮೇಲೆ ಒಂದು ಪ್ಯಾಚ್ ಹೊಡೆಸಿ, ಒಂದು ವಾರ ನೋಡಿ, ಎಲ್ಲರೂ ಒಪ್ಪಿದ ಮೇಲೆಯೇ ಡಬ್ಬಿ ತಂದಿದ್ದರು. ಅತ್ತೆಯೂ ಒಪ್ಪಿದ್ದರು. "ಆವಾಗ ಬೂದಿ ಬಣ್ಣ ಇತ್ತು, ಈವಾಗ ಪಾಚಿ" ಎಂದು ಅವರು ಹೇಳಿದ್ದನ್ನು ನಾನು ಮೊದಲು ಹಿರಿಯರ ಗೊಣಗಾಟ ಎಂದುಕೊಂಡೆ. ಇಡೀ ಪ್ರಕರಣದ ಬೀಗದ ಕೈ ಆ ಮಾತಿನಲ್ಲೇ ಇತ್ತು.

ನನ್ನ ಮೊದಲ ಊಹೆ, ಅದು ತಪ್ಪಾಗಿದ್ದು

ಹಿಂದಿನ ರಾತ್ರಿ ಸೊಸೆ ಫೋಟೋ ಕಳಿಸಿದ್ದರು. ಅದರಲ್ಲಿ ಎಲ್‌ಇಡಿ ಟ್ಯೂಬ್ ಉರಿಯುತ್ತಿತ್ತು, ಗೋಡೆ ಹಳೆಯ ಸರ್ಕಾರಿ ಆಸ್ಪತ್ರೆಯ ವಾರ್ಡಿನ ಹಾಗೆ ಕಾಣುತ್ತಿತ್ತು. ಟ್ಯೂಬಿನದೇ ಕಿತಾಪತಿ ಎಂದು ತೀರ್ಮಾನಿಸಿಬಿಟ್ಟೆ. ಬ್ಯಾಗಿನಲ್ಲಿ ಎರಡು ವಾರ್ಮ್ ವೈಟ್ ಬಲ್ಬ್ ಇಟ್ಟುಕೊಂಡೇ ಹೊರಟಿದ್ದೆ, ಹತ್ತು ನಿಮಿಷದಲ್ಲಿ ಜಾದೂ ಮಾಡಿ ಬರಬಹುದು ಎಂದು.

ಹೋದಾಗ ಬೆಳಗ್ಗೆ ಹನ್ನೊಂದು ಗಂಟೆ. ಒಂದು ದೀಪವೂ ಉರಿಯುತ್ತಿರಲಿಲ್ಲ. ಆದರೂ ಗೋಡೆ ಹಸಿರು. ಬಲ್ಬುಗಳು ಬ್ಯಾಗಿನಲ್ಲೇ ಉಳಿದವು.

ಎರಡನೇ ಅನುಮಾನ ಅಂಗಡಿಯ ಮೇಲೆ. ಬೇಸ್ ಎಂದರೆ ಇನ್ನೂ ಬಣ್ಣ ಬೆರೆಸದ ಪೇಂಟ್; ಆ ಡಬ್ಬಿಗೆ ಮೆಷಿನ್ನು ಹನಿ ಲೆಕ್ಕದಲ್ಲಿ ಬಣ್ಣ ಬಿಡುತ್ತದೆ. ತಿಳಿ ಬಣ್ಣಗಳಲ್ಲಿ ಆ ಹನಿಗಳು ತೀರಾ ಕಡಿಮೆ, ಹಾಗಾಗಿ ಸಣ್ಣ ವ್ಯತ್ಯಾಸವೂ ಕಣ್ಣಿಗೆ ಹೊಡೆಯುತ್ತದೆ. ಪೇಂಟರ್‌ಗೆ ಇದು ಅವಮಾನ ಅನಿಸಿತು. "ಮೇಡಂ, ಡಬ್ಬಿ ನಂಬರ್ ನಾನೇ ನೋಡ್ಕೊಂಡು ತಂದಿದೀನಿ" ಎಂದು ಏಣಿಯಿಂದ ಇಳಿದು ಬಂದು ಮುಚ್ಚಳ ತೋರಿಸಿದ. ಶೇಡ್ ಕೋಡ್ ಅದೇ, ಬೇಸ್ ಅದೇ, ಫಿನಿಶ್ ಕೂಡ ಅದೇ. ಫೆಬ್ರವರಿಯ ಸ್ಯಾಂಪಲ್ ಡಬ್ಬಿಯ ತಳದಲ್ಲಿ ಒಂದಿಷ್ಟು ಉಳಿದಿತ್ತು. ಎರಡನ್ನೂ ಒಂದೇ ರಟ್ಟಿನ ಮೇಲೆ ಬಳಿದು ಒಣಗಿಸಿ ನೋಡಿದೆವು. ಗೆರೆ ಎಲ್ಲಿ ಅಂತಲೇ ಗೊತ್ತಾಗಲಿಲ್ಲ.

ಆಗ ಸೊಸೆ ಫೋನಿನಲ್ಲಿ ಫೆಬ್ರವರಿಯ ಫೋಟೋ ಹುಡುಕಿ ತೆಗೆದರು. ಪ್ಯಾಚ್ ನಿಜವಾಗಿಯೂ ಬೂದಿ ಬಣ್ಣವೇ. ಚಿತ್ರದ ಅಂಚಿನಲ್ಲಿ ಕಿಟಕಿಯ ಒಂದು ತುಂಡು ಬಿದ್ದಿತ್ತು. ಅದರಾಚೆ ಬೋಳು ಕೊಂಬೆ, ಬಿಳಿಚಿದ ಆಕಾಶ. ತಲೆ ಎತ್ತಿ ಈಗಿನ ಕಿಟಕಿ ನೋಡಿದೆ. ತುಂಬ ಹೊಂಗೆ ಚಿಗುರು. ಎಳೆ ನಿಂಬೆಕಾಯಿಯ ಹಸಿರು, ಎಲೆಗಳ ಮೇಲೆ ಎಣ್ಣೆ ಸವರಿದ ಹೊಳಪು.

ಹೊಂಗೆ ಪೂರ್ತಿ ಬೋಳಾಗಿರುವುದು ಬೆಂಗಳೂರಿನಲ್ಲಿ ಕೆಲವೇ ದಿನ. ಚಳಿ ಮುಗಿಯುವ ಹೊತ್ತಿಗೆ ಎಲೆ ಉದುರಿಸುತ್ತದೆ, ಯುಗಾದಿ ಹೊತ್ತಿಗೆ ಮತ್ತೆ ತುಂಬಿಕೊಳ್ಳುತ್ತದೆ. ಇವರ ಸ್ಯಾಂಪಲ್ ಪರೀಕ್ಷೆ ಸರಿಯಾಗಿ ಆ ಕೆಲವೇ ದಿನಗಳಲ್ಲಿ ನಡೆದಿತ್ತು.

ಪಂಚೆಯ ಪರೀಕ್ಷೆ

ಊಹೆ ಸರಿಯೇ ಎಂದು ನೋಡಬೇಕಿತ್ತು. ಒಂದು ಬಿಳಿ ಬೆಡ್‌ಶೀಟ್ ಕೇಳಿದೆ. ಅತ್ತೆ ಬೀರುವಿನಿಂದ ಒಂದು ಮಲ್ಲು ಪಂಚೆ ತಂದುಕೊಟ್ಟರು, ಮಾವನವರದು. ಅದನ್ನು ಕಿಟಕಿಗೆ ಅಡ್ಡ ಕಟ್ಟಿದೆವು. ಎಲೆ ಮರೆಯಾಯಿತು, ಬೆಳಕು ಮಾತ್ರ ಒಳಗೆ ಬಂತು. ಗೋಡೆ ಕಣ್ಣೆದುರೇ ಬೂದಿಯಾಯಿತು. ಪೇಂಟರ್ "ಅಯ್ಯೋ ಶಿವನೇ" ಎಂದ. ಪಂಚೆ ಬಿಚ್ಚಿದೆವು, ಮತ್ತೆ ಹಸಿರು. ಅತ್ತೆ ಎರಡು ಸಲ ತಾವೇ ಬಿಚ್ಚಿ ಕಟ್ಟಿ ನೋಡಿದರು.

ಎಲೆ ಮಾಡುವುದು ಇಷ್ಟೇ. ಬಿಸಿಲಿನ ಕೆಂಪನ್ನೂ ನೀಲಿಯನ್ನೂ ತಾನು ಕುಡಿದು, ಹಸಿರನ್ನು ಜಾಸ್ತಿ ವಾಪಸ್ ಬಿಡುತ್ತದೆ. ಎಳೆ ಎಲೆ ತೆಳ್ಳಗಿರುವುದರಿಂದ ಆ ಹಸಿರು ಎಲೆಯನ್ನು ಹಾಯ್ದೂ ಬರುತ್ತದೆ. ಇಂಥ ಬೆಳಕು ಗಾಢ ನೀಲಿ ಗೋಡೆಯ ಮೇಲೆ ಬಿದ್ದರೆ ಯಾರಿಗೂ ಗೊತ್ತಾಗುವುದಿಲ್ಲ. ಬೂದುಹಸಿರಿನಂಥ ಬಣ್ಣಕ್ಕೆ ಸ್ವಂತ ಬಂಡವಾಳವೇ ಕಡಿಮೆ. ಪಕ್ಕದಲ್ಲಿ ಯಾರಿದ್ದಾರೋ ಅವರಿಂದ ಸಾಲ ತಂದು ನಡೆಸುತ್ತದೆ. ಅದರ ಚೆಂದವೂ ಅದೇ, ತೊಂದರೆಯೂ ಅದೇ.

ಇನ್ನೊಂದು ವಿಷಯ. ಈ ಬಣ್ಣಗಳ ಬಗ್ಗೆ ಇಂಟರ್ನೆಟ್ಟಿನಲ್ಲಿ ಸಿಗುವ ಸಲಹೆ ಹೆಚ್ಚಿನದು ಯುರೋಪ್, ಅಮೆರಿಕದ್ದು. ಉತ್ತರದ ಕೋಣೆಗೆ ಬಿಸಿಲೇ ಬರುವುದಿಲ್ಲ, ಅಲ್ಲಿ ಬಣ್ಣ ತಣ್ಣಗೆ ಕಾಣುತ್ತದೆ ಎನ್ನುತ್ತಾರೆ. ಅವರ ಊರಿಗೆ ಅದು ಸರಿ ಇರಬಹುದು. ಬೆಂಗಳೂರು ಇರುವುದು 13 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಏಪ್ರಿಲ್ 24ರ ಆಸುಪಾಸು ಮತ್ತು ಆಗಸ್ಟ್ 18ರ ಆಸುಪಾಸು ಮಧ್ಯಾಹ್ನ ಸೂರ್ಯ ನೆತ್ತಿಯ ಮೇಲೇ ಬರುತ್ತಾನೆ. ಶೂನ್ಯ ನೆರಳಿನ ದಿನ ಎಂದು ಮಕ್ಕಳು ಕಂಬ ನೆಟ್ಟು ನೋಡುತ್ತಾರಲ್ಲ, ಅದೇ. ಈ ಎರಡು ದಿನಗಳ ನಡುವೆ ಮಧ್ಯಾಹ್ನದ ಸೂರ್ಯ ನಮಗೆ ಉತ್ತರದಲ್ಲಿರುತ್ತಾನೆ. ಮೇ, ಜೂನ್‌ನಲ್ಲಿ ಬೆಳಗ್ಗೆ ಮತ್ತು ಸಂಜೆ ಉತ್ತರದ ಕಿಟಕಿಗೂ ಓರೆ ಬಿಸಿಲು ಹೊಡೆಯುತ್ತದೆ. ಡಿಸೆಂಬರಿನಲ್ಲಿ ಮಾತ್ರ ಬರೀ ಆಕಾಶದ ನೀಲಿ ಬೆಳಕು. ಅಂದರೆ ಈ ಹಾಲ್‌ಗೆ ವರ್ಷದಲ್ಲಿ ಮೂರ್ನಾಲ್ಕು ಥರದ ಬೆಳಕಿದೆ. ಇವರು ಬಣ್ಣ ನೋಡಿದ್ದು ಅದರಲ್ಲಿ ಒಂದರಲ್ಲಿ.

ನೆಲ

ಮರವನ್ನು ಕಡಿಯಲಾಗುವುದಿಲ್ಲ, ಕಡಿಯಬಾರದು ಕೂಡ. ಆದರೆ ಮರ ಒಂದರಿಂದಲೇ ಇಷ್ಟೊಂದು ಹಸಿರು ಬರುವುದು ನನಗೆ ಅನುಮಾನವಾಗಿತ್ತು. ಮೂರು ಅಡಿ ಎತ್ತರದ ತನಕ ಗೋಡೆ ಸ್ವಲ್ಪ ಕಂದು, ಅದರ ಮೇಲೆ ಹಸಿರು. ಕೆಳಗಿನ ಕಂದು ನೆಲದ್ದು. ಹೊಳೆಯುವ ಕೆಂಪು ನೆಲ ಗೋಡೆಯ ಬುಡಕ್ಕೆ ಕೆಂಪು ಬೆಳಕನ್ನು ಎರಚುತ್ತದೆ. ಹಾಗಿದ್ದರೆ ಮೇಲಿನ ಹಸಿರು ಕಡಿಮೆಯಾಗಬೇಕಲ್ಲ? ಆಗುವುದಿಲ್ಲ. ಅಲ್ಲಿ ಕೆಲಸ ಮಾಡುವುದು ನಮ್ಮ ಕಣ್ಣು. ಕೆಂಪನ್ನು ನೋಡಿದ ಕಣ್ಣು ಪಕ್ಕದ ಬೂದಿಯಲ್ಲಿ ಹಸಿರನ್ನು ಹುಡುಕುತ್ತದೆ.

ಇದನ್ನು ಮೊದಲು ಸರಿಯಾಗಿ ಬರೆದಿಟ್ಟವನು ಫ್ರಾನ್ಸಿನ ರಸಾಯನ ವಿಜ್ಞಾನಿ ಶೆವ್ರೂಲ್, 1839ರಲ್ಲಿ. ಅವನು ಪ್ಯಾರಿಸಿನ ಗೊಬೆಲಿನ್ ನೇಯ್ಗೆ ಕಾರ್ಖಾನೆಯ ಬಣ್ಣದ ವಿಭಾಗ ನೋಡಿಕೊಳ್ಳುತ್ತಿದ್ದ. ಕಪ್ಪು ನೂಲು ಮಂಕಾಗಿದೆ ಎಂದು ದೂರು ಬಂದಾಗ ಪರೀಕ್ಷೆ ಮಾಡಿ, ತಪ್ಪು ನೂಲಿನದಲ್ಲ, ಪಕ್ಕದಲ್ಲಿ ನೇಯ್ದ ಬಣ್ಣದ್ದು ಎಂದು ಕಂಡುಕೊಂಡ. ನಾನು ಇಷ್ಟು ಹೇಳುವಷ್ಟರಲ್ಲಿ ಅತ್ತೆ, "ಇದೇನು ದೊಡ್ಡ ವಿಷಯ? ಕುಂಕುಮದ ಅಂಚಿದ್ರೆ ಸೀರೆ ಒಡಲಿನ ಹಸಿರು ಎದ್ದು ಕಾಣಲ್ವಾ?" ಎಂದರು. ನಾನು ಬಾಯಿ ಮುಚ್ಚಿದೆ.

ಸಂಜೆಯ ಕಥೆ ಬೇರೆ. ಮಬ್ಬುಗತ್ತಲಾದಾಗ ಕಣ್ಣಿಗೆ ಕೆಂಪು ಬೇಗ ಕಪ್ಪಾಗುತ್ತದೆ, ಹಸಿರು ಉಳಿದುಕೊಳ್ಳುತ್ತದೆ. ಚೆಕ್ ವಿಜ್ಞಾನಿ ಪುರ್ಕಿನ್ಯೆ ಇದನ್ನು ಗಮನಿಸಿ ಸುಮಾರು 200 ವರ್ಷ ಆಯಿತು. ಆರೂವರೆ ಗಂಟೆಗೆ ಆ ಹಾಲ್‌ನಲ್ಲಿ ನೆಲ ಕಪ್ಪು ಕೆರೆಯ ಹಾಗೆ, ಗೋಡೆ ಮಾತ್ರ ತಣ್ಣಗೆ ಬೆಳಗುವ ಹಾಗೆ ಕಾಣುತ್ತದೆ. ಆ ಹೊತ್ತಿಗೇ ಸರಿಯಾಗಿ 6500 ಕೆಲ್ವಿನ್‌ನ ಕೂಲ್ ಡೇಲೈಟ್ ಟ್ಯೂಬ್ ಹಾಕುತ್ತಾರೆ. ಕೆಲ್ವಿನ್ ಎಂದರೆ ಬೆಳಕಿನ ಬಣ್ಣದ ಅಳತೆ: ಅಂಕಿ ಕಡಿಮೆಯಾದಷ್ಟೂ ಬೆಳಕು ಹಳದಿ, ಹೆಚ್ಚಾದಷ್ಟೂ ನೀಲಿಯ ಕಡೆ. ಅಗ್ಗದ ಎಲ್‌ಇಡಿಗಳ ಬೆಳಕಿನಲ್ಲಿ ನೀಲಿ ಜಾಸ್ತಿ, ಗಾಢ ಕೆಂಪು ಕಡಿಮೆ. ಆಸ್ಪತ್ರೆಯ ವಾರ್ಡ್ ಹುಟ್ಟುವುದು ಹೀಗೆ. ಟ್ಯೂಬಿನ ಬಗ್ಗೆ ನನ್ನ ಊಹೆ ಪೂರ್ತಿ ತಪ್ಪಾಗಿರಲಿಲ್ಲ ಎಂದು ಸಮಾಧಾನ ಮಾಡಿಕೊಂಡೆ.

ಮಾಡಿದ್ದು

ಬಣ್ಣ ಬೆರೆಸಿದ ಡಬ್ಬಿಯನ್ನು ಅಂಗಡಿಯವರು ವಾಪಸ್ ತೆಗೆದುಕೊಳ್ಳುವುದಿಲ್ಲ. ಒಟ್ಟು 14 ಲೀಟರ್ ತಂದಿದ್ದರು, 10ರ ಒಂದು ಬಕೆಟ್, 4ರ ಒಂದು ಡಬ್ಬಿ. ಮೊದಲ ಕೋಟಿಗೆ ಆರೂವರೆ ಲೀಟರ್ ಹೋಗಿತ್ತು. ಉಳಿದ ಏಳೂವರೆಯನ್ನು ಏನು ಮಾಡುವುದು?

ಒಂದು ಸ್ಯಾಂಪಲ್ ರಟ್ಟು ಹಿಡಿದು ಮಹಡಿ ಹತ್ತಿದೆ. ಪಶ್ಚಿಮದ ಕೋಣೆ. ಕೆನೆ ಟೈಲ್ಸ್, ಕಿಟಕಿಗೆ ಮರವಿಲ್ಲ, ಮಧ್ಯಾಹ್ನದ ಹಳದಿ ಬಿಸಿಲು. ಅಲ್ಲಿ ಅದೇ ಬಣ್ಣ ಏನು ಚೆನ್ನಾಗಿ ಕಂಡಿತು! ಬೆಳಗ್ಗೆ ಬೂದಿ, ಮಧ್ಯಾಹ್ನ ಒಣಗಿದ ತುಳಸಿ, ಸಂಜೆ ಹೆಚ್ಚುಕಡಿಮೆ ಮರಳಿನ ಬಣ್ಣ. ಕೋಣೆಗೆ ಎರಡು ಕೋಟಿಗೆ 6 ಲೀಟರ್ ಸಾಕು. ಮೂಲದಲ್ಲಿ ಆ ಕೋಣೆಗೆ ಬಿಳಿ ಹೊಡೆಯುವ ಯೋಚನೆ ಇತ್ತು. ಸೊಸೆಗೆ ಆ ದಿನ ಮೊದಲ ಸಲ ನಗು ಬಂದಿದ್ದು ಅಲ್ಲಿಯೇ.

ಹಾಲ್‌ಗೆ ಮೂರು ಶೇಡ್ ತರಿಸಿದೆ. ಈ ಸಲ ಗೋಡೆಗೆ ಹಚ್ಚಲಿಲ್ಲ. ಎರಡು ಅಡಿಗೆ ಮೂರು ಅಡಿಯ ಹಾರ್ಡ್‌ಬೋರ್ಡ್ ತುಂಡುಗಳಿಗೆ ಪ್ರೈಮರ್ ಹಾಕಿ, ಎರಡು ಕೋಟ್ ಹೊಡೆಸಿದೆ. ಗೋಡೆಯ ಮೇಲಿನ ಪ್ಯಾಚಿನ ಸುತ್ತ ಹಳೆಯ ಬಣ್ಣ ಇರುತ್ತದೆ, ಅದು ಕಣ್ಣಿಗೆ ಸುಳ್ಳು ಹೇಳುತ್ತದೆ. ಬೋರ್ಡಾದರೆ ಕಿಟಕಿ ಪಕ್ಕ, ಮೂಲೆಯಲ್ಲಿ, ನೆಲಕ್ಕೆ ತಾಗಿಸಿ, ಸೋಫಾ ಹಿಂದೆ, ಎಲ್ಲಿ ಬೇಕಾದರೂ ಇಡಬಹುದು. ಬೆಳಗ್ಗೆ ಎಂಟು, ಮಧ್ಯಾಹ್ನ ಒಂದು, ಸಂಜೆ ಆರೂವರೆ, ರಾತ್ರಿ ದೀಪದಲ್ಲಿ ಒಮ್ಮೆ. ಎರಡು ದಿನ ಇದೇ ಕೆಲಸ.

ಒಂದನೆಯದು ಅದೇ ಬಣ್ಣದ ಅರ್ಧ ಪ್ರಮಾಣ. ತೆಳುವಾಯಿತು, ಆದರೂ ಹಸಿರೇ. ಎರಡನೆಯದು ಅತ್ತೆಯವರ ಆಯ್ಕೆ, ಕೆನೆ ಬಣ್ಣ. ಕೆಂಪು ನೆಲದ ಮೇಲೆ ಅದು ಚೆನ್ನಾಗಿಯೇ ಇತ್ತು, ಸುಳ್ಳು ಹೇಳಬಾರದು. ಆದರೆ ಜಯನಗರದ ಅರ್ಧ ಮನೆಗಳ ಹಾಲ್ ಹಾಗೇ ಇದೆ ಎಂದು ಸೊಸೆ ಮುಖ ತಿರುಗಿಸಿದರು. ಮೂರನೆಯದು ಬೂದಿ ಜಾಸ್ತಿ, ಹಸಿರು ಕಡಿಮೆ, ಜೊತೆಗೆ ಒಂದೆರಡು ಹನಿ ರೆಡ್ ಆಕ್ಸೈಡ್. ಹಸಿರನ್ನು ತಗ್ಗಿಸಬೇಕಾದರೆ ಬಿಳಿ ಹಾಕಿ ಪ್ರಯೋಜನವಿಲ್ಲ, ಅದರ ಎದುರಾಳಿ ಕೆಂಪು ಬೇಕು. ಕಾರ್ಡಿನಲ್ಲಿ ನೋಡಿದರೆ ಇದು ಮಣ್ಣುಮಣ್ಣಾದ ಬೂದಿ, ಯಾರೂ ಕೈ ಇಡುವುದಿಲ್ಲ. ಆ ಹಾಲ್‌ನಲ್ಲಿ ಇಟ್ಟಾಗ ಮಾತ್ರ ಹೊಂಗೆ ತನ್ನ ಪಾಲಿನ ಹಸಿರನ್ನು ಸೇರಿಸಿ, ಸೊಸೆ ಕಾರ್ಡಿನಲ್ಲಿ ಮೆಚ್ಚಿದ ಬಣ್ಣವೇ ಗೋಡೆಗೆ ಬಂತು. ಕಾಲು ಭಾಗ ಬಣ್ಣ ಡಬ್ಬಿಯಲ್ಲಿ ಕಮ್ಮಿ ಮಾಡಿ, ಅದನ್ನು ಮರದಿಂದ ತುಂಬಿಸಿಕೊಂಡ ಹಾಗೆ.

ಫಿನಿಶ್ ಮ್ಯಾಟ್ ಇರಲಿ ಎಂದೆ. ಪೇಂಟರ್ ಹೊಳಪಿನದಕ್ಕೆ ಒತ್ತಾಯಿಸಿದ, "ಒರ್ಸೋಕೆ ಸುಲಭ ಮೇಡಂ" ಎಂದು. ಒರೆಸಬಹುದಾದ ಮ್ಯಾಟ್ ಈಗ ಸಿಗುತ್ತದೆ. ಐವತ್ತು ವರ್ಷದ ಗಾರೆಯ ಏರುತಗ್ಗು, ಪಕ್ಕದ ಕಿಟಕಿಯಿಂದ ಓರೆ ಬೆಳಕು, ಕೆಳಗೆ ಕನ್ನಡಿಯಂಥ ನೆಲ. ಇದರ ಮೇಲೆ ಹೊಳಪಿನ ಬಣ್ಣ ಹೊಡೆದರೆ ಪುಟ್ಟಿಯ ಒಂದೊಂದು ಪಟ್ಟೆಯೂ ಎಣಿಸುವ ಹಾಗೆ ಕಾಣುತ್ತದೆ.

ಬಚ್ಚಲಿಗೆ ತಾಗಿದ ಮೂಲೆಯಲ್ಲಿ ಒಂದು ಅಂಗೈ ಅಗಲದ ಜಾಗ ಮಾತ್ರ ಯಾವ ಬೆಳಕಲ್ಲೂ ಗಾಢವಾಗಿಯೇ ಇತ್ತು. ಪ್ಲಾಸ್ಟಿಕ್ ಹಾಳೆಯೊಂದನ್ನು ಅದರ ಮೇಲೆ ನಾಲ್ಕೂ ಕಡೆ ಟೇಪ್ ಹಾಕಿ ಅಂಟಿಸಿ ಒಂದು ದಿನ ಬಿಟ್ಟೆವು. ಒಳಗಡೆ ಹನಿ ಕಟ್ಟಿತ್ತು. ಗೋಡೆಯೊಳಗೆ ನೀರಿದೆ ಎಂದರ್ಥ. ನಲ್ಲಿಯ ಜಾಯಿಂಟ್ ಸರಿಮಾಡಿಸಿದರು, ಆ ಮೂಲೆಗೆ ಯುಗಾದಿ ಕಳೆದು ಒಂದು ತಿಂಗಳ ಮೇಲೆ ಬಣ್ಣ ಬಂತು. ಅಲ್ಲಿಯವರೆಗೆ ಸ್ಟೂಲಿನ ಮೇಲೊಂದು ಮನಿಪ್ಲಾಂಟ್ ಮುಚ್ಚಿಕೊಂಡು ನಿಂತಿತ್ತು.

ದೀಪ, ಪರದೆ, ಉಳಿದ ಸಾಮಾನು

ದೀಪದ ವಿಷಯದಲ್ಲಿ ಜಗಳವೇ ಆಯಿತು. ನನಗೆ 3000 ಕೆಲ್ವಿನ್ ಬೇಕಿತ್ತು. ಅತ್ತೆಗೆ ಹಳದಿ ಬೆಳಕು ಕಂಡರೆ ವೋಲ್ಟೇಜ್ ಕಮ್ಮಿಯಾದ ಹಳೆಯ ದಿನಗಳ ನೆನಪು. ಅವರು ರಾತ್ರಿ ಪೇಪರ್ ಓದುತ್ತಾರೆ, ಅದೂ ನ್ಯಾಯವೇ. ಕೊನೆಗೆ ಟ್ಯೂಬಿನ ಜಾಗಕ್ಕೆ 4000 ಕೆಲ್ವಿನ್‌ನದು, ಅಂಗಡಿಯಲ್ಲಿ ನ್ಯಾಚುರಲ್ ವೈಟ್ ಎಂದು ಕೇಳಬೇಕು. ಗೋಡೆಗೆ ಎರಡು ವಾರ್ಮ್ ವೈಟ್ ದೀಪ, ಅವಕ್ಕೆ ಬಣ್ಣ ಸರಿಯಾಗಿ ತೋರಿಸುವ ಸಿಆರ್‌ಐ 90ರ ಬಲ್ಬ್. ಬ್ಯಾಗಿನಲ್ಲಿದ್ದ ಬಲ್ಬುಗಳು ಅಂತೂ ಉಪಯೋಗಕ್ಕೆ ಬಂದವು.

ಚಾವಣಿಗೆ ಹೊಡೆದಿದ್ದ ಅಚ್ಚ ಬಿಳಿ ಬೂದುಹಸಿರಿನ ಪಕ್ಕದಲ್ಲಿ ನೀಲಿ ಹಾಕಿ ಒಗೆದ ಬಟ್ಟೆಯ ಹಾಗೆ ಕಾಣುತ್ತಿತ್ತು. ಹಾಲುಬಿಳುಪಿಗೆ ಬದಲಾಯಿಸಿದೆವು. ಆರ್ಡರ್ ಮಾಡಿದ್ದ ಕಡು ಹಸಿರು ಪರದೆ ರದ್ದಾಯಿತು. ಅದರ ಬದಲು ಕೋರಾ ಹತ್ತಿಯ ಕೈಮಗ್ಗದ ಬಟ್ಟೆ, ತೆಳ್ಳಗಿನದು. ಅದು ಪಂಚೆಯ ಕೆಲಸವನ್ನೇ ಮಾಡುತ್ತದೆ. ಹಸಿರು ಹೆಚ್ಚಾಯಿತು ಅನಿಸಿದ ದಿನ ಎಳೆದುಕೊಂಡರೆ ಆಯಿತು. ತೇಗದ ಬಾಗಿಲಿಗೆ ಬಿಳಿ ಬಣ್ಣ ಹೊಡೆಯುವ ಯೋಚನೆಯನ್ನು ನಾನು ಕೈಮುಗಿದು ತಪ್ಪಿಸಿದೆ. ತೇಗ, ಹಿತ್ತಾಳೆ ದೀಪದ ಕಂಬ, ಬೆತ್ತದ ಕುರ್ಚಿ, ಇವೆಲ್ಲ ಜೇನಿನ ಬಣ್ಣದವು. ಬೂದುಹಸಿರಿನ ಮುಂದೆ ಇಟ್ಟರೆ ಗೋಡೆಯ ತಣ್ಣಗಿನ ಗುಣ ಕಮ್ಮಿಯಾಗುತ್ತದೆ. ಮಾವನವರ ಕಪ್ಪು ಫ್ರೇಮಿನ ಫೋಟೋ ಬಾಗಿಲ ಮೇಲೆಯೇ ಉಳಿಯಿತು. ಮಂದ ಬಣ್ಣದ ಕೋಣೆಯಲ್ಲಿ ಕಣ್ಣಿಗೆ ನೆಲೆ ನಿಲ್ಲಲು ಒಂದು ಗಾಢ ವಸ್ತು ಬೇಕೇ ಬೇಕು.

ದೇವರ ಕೋಣೆಗೆ ಬೂದಿಯ ಹೆಸರೇ ಬೇಡ ಎಂದರು ಅತ್ತೆ. ತಿಳಿ ಅರಿಶಿನ ಕೆನೆ. ಅದರ ಬಗ್ಗೆ ಯಾರೂ ಚರ್ಚೆ ಮಾಡಲಿಲ್ಲ.

ಪ್ಯಾಸೇಜಿನಲ್ಲಿ ನಾನು ಸೋತೆ. ಕಿಟಕಿಯಿಲ್ಲದ ನಾಲ್ಕು ಅಡಿ ಅಗಲದ ಜಾಗ ಅದು. ಹಾಲ್‌ನ ಹೊಸ ಬಣ್ಣವನ್ನೇ ಅಲ್ಲಿಗೂ ಎಳೆದರೆ ಒಂದಕ್ಕೊಂದು ಹೊಂದುತ್ತದೆ ಎಂದು ಹಟ ಮಾಡಿ ಹೊಡೆಸಿದೆ. ಸಾಲ ಕೊಡಲು ಅಲ್ಲಿ ಬೆಳಕೇ ಇರಲಿಲ್ಲ. ಗೋಡೆ ಸುಮ್ನೆ ಕೊಳೆಯಾದ ಹಾಗೆ ಕಂಡಿತು. ಯುಗಾದಿಗೆ ಎರಡು ದಿನ ಇರುವಾಗ ಪೇಂಟರ್ ಅದರ ಮೇಲೆ ಮತ್ತೆ ಕೆನೆ ಬಣ್ಣ ಹೊಡೆದ. ಆ ಒಂದು ದಿನದ ಕೂಲಿ ನಾನೇ ಕೊಟ್ಟೆ.

ಆಮೇಲೆ

ಜೂನ್ ಕೊನೆಯಲ್ಲಿ ಒಂದು ಮಧ್ಯಾಹ್ನ ಹೋಗಿದ್ದೆ. ಮೋಡ ಕವಿದಿತ್ತು. ಹೊಂಗೆ ಎಲೆ ಬಲಿತು ಕಡು ಹಸಿರಾಗಿತ್ತು, ಮಾರ್ಚಿನಷ್ಟು ಬಣ್ಣ ಒಳಗೆ ಕಳಿಸುತ್ತಿರಲಿಲ್ಲ. ಗೋಡೆ ಒಂದು ಎಳೆಯಷ್ಟು ಬೂದಿಯ ಕಡೆ ಜರುಗಿತ್ತು. ಸೊಸೆಗೆ ಇದೇ ಹೆಚ್ಚು ಇಷ್ಟವಂತೆ. ಅತ್ತೆ ಕಾಫಿ ಕೊಡುತ್ತಾ, "ಪಾಚಿ ಹೋಯ್ತು, ಇನ್ನೂ ಸ್ವಲ್ಪ ಬೂದಿ ಉಳಿದಿದೆ" ಎಂದರು.

ಆಗಸ್ಟಿನಲ್ಲಿ ಮತ್ತೆ ಫೋನ್ ಬಂತು. ಟಿವಿಗೆ ಹೊಸ ಪ್ಲಗ್ ಪಾಯಿಂಟ್ ಕೊಡಲು ಎಲೆಕ್ಟ್ರಿಷಿಯನ್ ಗೋಡೆ ಕೊರೆದಿದ್ದ. ಗಾರೆ ಮುಚ್ಚಿ, ಉಳಿದಿದ್ದ ಮುಕ್ಕಾಲು ಲೀಟರಿನಲ್ಲಿ ಅಷ್ಟು ಜಾಗಕ್ಕೆ ಮಾತ್ರ ಟಚಪ್ ಮಾಡಿದ್ದರು. ಡಬ್ಬಿ ಅದೇ, ಬಣ್ಣ ಅದೇ, ಆದರೂ ತೇಪೆ ಎದ್ದು ಕಾಣುತ್ತಿದೆ ಎಂದರು ಸೊಸೆ. ಐದು ತಿಂಗಳ ಬೆಳಕು, ಧೂಳು ಕಂಡ ಗೋಡೆಯ ಮೇಲೆ ಹೊಸ ಬಣ್ಣ ಹಾಗೇ ಕಾಣುತ್ತದೆ, ಮ್ಯಾಟ್ ಆದರೆ ಇನ್ನೂ ಜಾಸ್ತಿ. ಮುಚ್ಚಳದ ಮೇಲಿನ ಕೋಡ್ ಹೇಳಿ ಒಂದು ಲೀಟರ್ ತರಿಸಿ, ಹಳೆಯದರ ಜೊತೆ ಒಂದೇ ಬಕೆಟ್ಟಿನಲ್ಲಿ ಕಲಸಿ, ಆ ಒಂದು ಗೋಡೆಗೆ ಮೂಲೆಯಿಂದ ಮೂಲೆಗೆ ಒಂದು ಕೋಟ್ ಹೊಡೆಸಿ ಎಂದೆ. ಪೇಂಟರ್ ಪಕ್ಕದಲ್ಲೇ ಇದ್ದ ಅಂತ ಕಾಣುತ್ತದೆ. "ಕಿಟಕಿಗೆ ಪಂಚೆ ಕಟ್ಬೇಕಾ ಕೇಳಿ" ಎಂದು ಹಿಂದಿನಿಂದ ದನಿ ಬಂತು.